ತೊಟ್ಟಿಯೊಳಗಿನ ಜಮಖಾನೆ

"ಗೊಬ್ಬರ ಬ್ಯಾಡ, ಗ್ಯಾಸ್ ಬ್ಯಾಡ್ರಿ ಅಕ್ಕಾರ. ಒಂದ ಲೈಟ್ ಹಚ್ರಿ, ತಾನ ಹಬ್ಬತೈತಿ. ಎರಡ ತಿಂಗಳದಾಗ ಜಮಖಾನಿ ಹಾಸಿದಂಗ ಆಗತೈತಿ," ಎಂದಿದ್ದ ಹುಬ್ಬಳ್ಳಿಯ ಬಣ್ಣದ ಮೀನಿನಂಗಡಿಯವ. ಬೇರೆ ಯಾವ ಮಾತು ಹೇಳಿದ್ದರೂ ಸುಲ್ತಾನಾ ತನ್ನ ಮೀನಿನ ಗಾಜಿನ ತೊಟ್ಟಿಗೆ ಆ ಹುಲ್ಲಿನಂಥ ಗಿಡ ಕೊಳ್ಳುತ್ತಿರಲಿಲ್ಲ. ಜಮಖಾನೆ ಎಂದುಬಿಟ್ಟ.

ಅವಳ ತವರು ನವಲಗುಂದ. ತಾಯಿ ರಹೀಮಾಬಿ ನೇಯ್ದ ನವಿಲಿನ ಜಮಖಾನೆಗಳ ಮೇಲೆ ಯಾರ್ಯಾರೋ ಕುಳಿತೆದ್ದಿದ್ದಾರೆ. ಮಗ್ಗದ ಮುಂದೆ ಮಾತ್ರ ಸುಲ್ತಾನಾ ಒಂದು ದಿನವೂ ಕುಳಿತವಳಲ್ಲ. ಆ ಮನೆಯ ನೇಮವೇ ಹಾಗೆ: ಕಸುಬು ಸೊಸೆಗೆ, ಮಗಳಿಗಲ್ಲ. ಮಗಳು ಕಲಿತರೆ ವಿದ್ಯೆ ಗಂಡನ ಮನೆ ಸೇರುತ್ತದಂತೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ, ಇವಳು ಕೊಡುವ ಮೊದಲೇ ಹೊರಗಾಗಿದ್ದಳು. ಮುಚ್ಚಿದ ಬಾಗಿಲಾಚೆಯಿಂದ ತಾಯಿ ಎಳೆ ಎಣಿಸುವ ದನಿಯಷ್ಟೇ ಕೇಳುತ್ತಿತ್ತು. ಈಗ ಅಣ್ಣನ ಹೆಂಡತಿ ಫರಹತ್ ಆ ಮಗ್ಗದ ಮುಂದೆ ಕೂರುತ್ತಾಳೆ. ನಲವತ್ತು ದಾಟಿದರೂ ಸುಲ್ತಾನಾಳ ಹೊಟ್ಟೆಯುರಿ ಆರಿರಲಿಲ್ಲ.

ಕಣ್ಣಿನ ಪೊರೆ ತೆಗೆಸಿಕೊಂಡ ರಹೀಮಾಬಿ ಹತ್ತು ದಿನದ ಆರೈಕೆಗೆಂದು ಅಣ್ಣಿಗೇರಿಗೆ, ಮಗಳ ಮನೆಗೆ ಬಂದಳು. ತನಗೇಕೆ ಕಲಿಸಲಿಲ್ಲವೆಂದು ಈ ಸಲ ಕೇಳಿಯೇಬಿಡಬೇಕು ಎಂದುಕೊಂಡಿದ್ದಳು ಸುಲ್ತಾನಾ. ಒಂಬತ್ತು ದಿನ ಕಣ್ಣಿಗೆ ಹನಿ ಹಾಕುವುದು, ಊರ ಸುದ್ದಿ ಕೇಳುವುದು, ಇದರಲ್ಲೇ ಕಳೆದವು.

ಹತ್ತನೆಯ ದಿನ ಬೆಳಿಗ್ಗೆ ಅವಳು ಕತ್ತರಿ ಹಿಡಿದು ಮೊಣಕೈವರೆಗೆ ಕೈಯನ್ನು ತೊಟ್ಟಿಯೊಳಗೆ ಇಳಿಸಿದ್ದಳು. ಗಿಡಗಳನ್ನು ನೆಟ್ಟಿದ್ದು ಗೆರೆ ಹೊಡೆದಂತೆ. ಪ್ರತಿ ಗಿಡವೂ ಮರಳಿನ ಮೇಲೆ ಬಿಳಿ ಬಳ್ಳಿ ಹರಿಸಿ ತುದಿಗೊಂದು ಮರಿ ಹಾಕುತ್ತಿತ್ತು. ಮರಿ ಸಾಲು ಬಿಟ್ಟು ಹುಟ್ಟಿದರೆ ಬಳ್ಳಿ ಕತ್ತರಿಸಿ ಸಾಲಿಗೆ ತಂದು ನೆಡುವುದು ಇವಳ ಕೆಲಸ. ಜಮಖಾನೆಯ ಅಂಚು ಸೊಟ್ಟಗಿರಬಾರದಲ್ಲ! ನೆಟ್ಟ ಮರಿಗಳೆಲ್ಲ ಹಳದಿಯಾಗಿ ಮೇಲೆ ತೇಲುತ್ತಿದ್ದವು.

"ಏ ಹುಚ್ಚಿ, ಕತ್ತರಿ ಇಡು," ಎಂದಳು ಹಿಂದೆ ನಿಂತಿದ್ದ ರಹೀಮಾಬಿ. "ಮರಿ ಬೇರ ಬಿಡೂಮಟಾ ತಾಯಿ ದಾರ ಕಡೀಬಾರದು."

"ನನ್ನ ದಾರ ಹುಟ್ಟಿದ ದಿನಾನ ಕಡದಿಯಲ್ಲ ಬೇ! ಒಂದಿಷ್ಟು ನೇಯೂದು ಕಲಿಸಿದ್ರ ನಿನ್ನ ಗಂಟ ಏನ ಹೋಗತಿತ್ತು?" ಸುಲ್ತಾನಾ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಮಗಳ ಕೈಯಾಗ ನೂಲ ಕೊಡೂದಿಲ್ಲಂತ ನಮ್ಮತ್ತಿಗೆ ಆಣಿ ಮಾಡೇನಿ," ಎಂದಳು ರಹೀಮಾಬಿ. ಆಮೇಲೆ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಗಾಜಿಗೆ ಮುಖ ಹಚ್ಚಿ ನೋಡಿದಳು. "ಹುಲ್ಲಿಂದೇನ ಆಣಿ ಇಲ್ಲ. ಮರಿ ಸಮೇತ ಎಲ್ಲಾ ಎತ್ತು. ನಾ ಹೇಳಿದಂಗ ನೆಡು. ಮೂರ ಹಚ್ಚು, ಒಂದ ಬಿಡು. ಎರಡ ಹಚ್ಚು, ಮೂರ ಬಿಡು..."

ಬಾಗಿಲಾಚೆಯಿಂದ ಬಾಲ್ಯವೆಲ್ಲ ಕೇಳಿದ್ದ ಅದೇ ಎಣಿಕೆ. ಸುಲ್ತಾನಾಳಿಗೆ ಒಮ್ಮೆಯೂ ಲೆಕ್ಕ ತಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರಳಿನ ಮೇಲೆ ಪುಟ್ಟದೊಂದು ನವಿಲು ಎದ್ದಿತ್ತು. ಊಟಕ್ಕೆ ಬಂದ ಗಂಡ ಅಸ್ಲಂ, "ಕೋಳಿ ಅಗದಿ ಚಂದ ಆಗೇತಿ," ಎಂದು ಇಬ್ಬರಿಂದಲೂ ಬೈಸಿಕೊಂಡ.

ಮರುದಿನ ರಹೀಮಾಬಿ ನವಲಗುಂದದ ಬಸ್ಸು ಹತ್ತಿದಳು.

ಹದಿನೈದು ದಿನಕ್ಕೆ ನವಿಲಿನ ಕೊರಳಿನಿಂದ ಬಿಳಿ ಬಳ್ಳಿಯೊಂದು ಹೊರಟಿತು. ಆಮೇಲೆ ರೆಕ್ಕೆಯಿಂದ, ಬಾಲದಿಂದ. ಸುಲ್ತಾನಾ ಕತ್ತರಿ ತಂದಳು. ಕತ್ತರಿಸಿದರೆ ನವಿಲು ಉಳಿಯುತ್ತದೆ, ಮರಿ ಸಾಯುತ್ತದೆ. ಬಿಟ್ಟರೆ ತಿಂಗಳೊಳಗೆ ಹುಲ್ಲು ಹಬ್ಬಿ ನವಿಲು ಎಲ್ಲಿತ್ತೆಂಬುದೂ ತಿಳಿಯದು. ಅವ್ವ ಬಾಯಿಬಿಟ್ಟು ಹೇಳಿಕೊಟ್ಟಿದ್ದು ಎರಡೇ: ಈ ನವಿಲು, ಮತ್ತು ದಾರ ಕಡಿಯಬಾರದೆಂಬ ಮಾತು.

ಅವಳು ಕತ್ತರಿ ಕೆಳಗಿಟ್ಟಳು. ಹೋಗಿ ಬೀದಿಬಾಗಿಲನ್ನು ಪೂರ್ತಿ ತೆರೆದು ಬಂದು ತೊಟ್ಟಿಯ ಮುಂದೆ ಕುಳಿತಳು. ನವಿಲು ಮುಚ್ಚಿಹೋಗುವ ಮೊದಲು ಕೊಕ್ಕಿನಿಂದ ಬಾಲದವರೆಗೆ, ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ ಎಣಿಸತೊಡಗಿದಳು.

"ಮೂರ ಹಚ್ಚು, ಒಂದ ಬಿಡು..."