ಅಳೆಯದ ಮೂಲೆ

ಕಿಟಕಿಯ ಗಾಜು ಗುಂಯ್‌ಗುಡುತ್ತಿದೆ, ಬೈಲಹೊಂಗಲದ ನಿಲ್ದಾಣದಲ್ಲಿ ಡ್ರೈವರ್ ಎಂಜಿನ್ ಆರಿಸದೆ ಚಹಾಕ್ಕೆ ಇಳಿದಿದ್ದಾನೆ, ಉಮಾಶ್ರೀ ಗಾಜಿಗೆ ಬೆರಳು ಒತ್ತಿದಳು, ಸದ್ದು ನಿಂತಿತು, ಬಿಟ್ಟಳು, ಮತ್ತೆ ಶುರುವಾಯಿತು — ಒತ್ತಿದರೆ ನಿಲ್ಲುತ್ತದೆ, ನಡುವೆ ಏನಾದರೂ ಸಿಕ್ಕಿಸಿದರೂ ನಿಲ್ಲುತ್ತದೆ, ಆ ಬಟ್ಟೆ, ಪಾತೇಲಿಗೂ ಮುಚ್ಚಳಕ್ಕೂ ನಡುವೆ ತುರುಕಿದ್ದ ಕೂಸಿನ ಬಟ್ಟೆ, ಅಳೆಯಲು ಹೋದ ಮನೆಯಲ್ಲಿ ನೋಡಿದ್ದಳು, ನೋಡಿಯೂ ಯಾಕೆಂದು ಕೇಳಿರಲಿಲ್ಲ. ತೊಡೆಯ ಮೇಲೆ ಲಕೋಟೆ, ಒಳಗೆ ವರದಿ, ಕೊನೆಗೆ ಅವಳದೇ ಸಹಿ: ಸಿರಸಂಗಿಯ ಹೊಲದಲ್ಲಿರುವ ಬೀರಪ್ಪನ ಮನೆಯ ಹೊರಗೋಡೆ ವಿದ್ಯುತ್ ತಯಾರಿಸುವ ಗಾಳಿ ಫ್ಯಾನುಗಳ ಕಡಿಮೆ ಕಂಪನಾಂಕದ ಸದ್ದನ್ನು ಸಾಕಷ್ಟು ತಡೆಯುತ್ತದೆ. ಮೂರು ಗಂಟೆಗೆ ಸವದತ್ತಿಯಲ್ಲಿ ಸಭೆ, ಇದನ್ನು ಕೊಟ್ಟರೆ ಮನೆಯವರ ದೂರು ಅಲ್ಲಿಗೇ ಮುಗಿಯಿತು, ಫ್ಯಾನುಗಳು ಹಗಲೂ ರಾತ್ರಿ ತಿರುಗುತ್ತವೆ. ಗೋಡೆಯಿಂದ ಎರಡು ಮೀಟರ್ ಹೊರಗೆ ಒಂದು ಮೈಕು, ಒಳಗೆ ಕೋಣೆಯ ನಡುವೆ ಒಂದು, ವ್ಯತ್ಯಾಸ ಇಪ್ಪತ್ತನಾಲ್ಕು ಡೆಸಿಬೆಲ್, ಮೂರು ಸಲ ನೋಡಿದ್ದಾಳೆ, ಲೆಕ್ಕ ತಪ್ಪಿಲ್ಲ, ತಪ್ಪಿದ್ದು ಮೈಕಿನ ಜಾಗ — ಚಿಕ್ಕ ಕೋಣೆಯಲ್ಲಿ ಇಂಥ ಸದ್ದು ನಡುವೆ ತೆಳುವಾಗಿ ಮೂಲೆಗಳಲ್ಲಿ ಗಟ್ಟಿಯಾಗುತ್ತದೆ, ಮೂಲೆಯಲ್ಲಿ ಅಳೆಯಲೇಬೇಕು, ಗೊತ್ತಿತ್ತು, ಮೂಲೆಯಲ್ಲಿ ಬಾಣಂತಿಯ ಹೊರಸಿತ್ತು. ಬೀರಪ್ಪನ ಹೆಂಡತಿ ರಾಯವ್ವ ಅಡ್ಡ ಬಂದಿದ್ದಳು, ಅಲ್ಲಿ ಬ್ಯಾಡ್ರಿ ಅಕ್ಕಾರ, ಸೊಸಿ ಹಡದು ಹದಿನೈದ ದಿನಾ ಆಗಿಲ್ಲ, ಹೊರಗಿನ ಗಾಳಿ ಬಡೀಬಾರದು, ನಡುವ ಇಟಗೋರ್ರಿ, ನಿಮ್ಮ ಮಷಿನ್ನಿನ ಕಿವಿ ಭಾಳ ಚುರುಕ ಅಂತೀರಲ್ಲ, ಅಲ್ಲಿಂದನ ಕೇಳ್ಲಿ. ಉಮಾಶ್ರೀ ನಕ್ಕಿದ್ದಳು, ಸರಿ ಅಜ್ಜಿ ಎಂದಿದ್ದಳು, ಉಳಿದ ಮೂಲೆಗಳಲ್ಲಿ ಜೋಳದ ಚೀಲ, ಕೌದಿಯ ರಾಶಿ, ಯಾರನ್ನು ಎಬ್ಬಿಸುವುದು, ಏನನ್ನು ಸರಿಸುವುದು, ನಮೂನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟರೂ ವರದಿ ವಾಪಸು ಬರುತ್ತದೆ, ಮೂಲೆಯ ಸಾಲಿನಲ್ಲೂ ನಡುವಿನ ಅಂಕಿಯನ್ನೇ ಬರೆದುಬಿಟ್ಟಳು, ಎಷ್ಟು ಹೊತ್ತಿನ ಕೆಲಸ ಅದು, ಪೆನ್ನು ಎರಡು ಸಲ ಆಡಿಸಿದಷ್ಟು. ಹೊರಸಿನಿಂದ ಸೊಸೆ ಭಾಗೀರಥಿ ತಲೆಯೆತ್ತಿ ಕೇಳಿದ್ದಳು, ಅಕ್ಕಾರ, ಈ ಗುಂಯ್ ಅನ್ನೂದನ್ನ ಅಳೀತೈತೇನ್ರಿ ಅದು, ಕೂಸು ಕಣ್ಣ ಮುಚ್ಚಿದ್ರ ಬೆಚ್ಚಿ ಏಳತೈತಿ. ಅಳೆಯುತ್ತದೆ ಎಂದಿದ್ದಳಲ್ಲ, ಅವಳ ಮುಖ ನೋಡಿಯೇ ಹೇಳಿದ್ದಳಲ್ಲ, ಆಗಲೇ ಕಣ್ಣಿಗೆ ಬಿದ್ದಿತ್ತು, ಕೂಸಿನ ತಲೆಯ ಮೇಲಿನ ಹಲಗೆಯಲ್ಲಿ ಪಾತೇಲಿ, ಅದರ ಮುಚ್ಚಳದಡಿ ಬಟ್ಟೆ, ಆ ಮೂಲೆಯಲ್ಲಿ ಮುಚ್ಚಳವೂ ಈ ಗಾಜಿನ ಹಾಗೆಯೇ ಗುಂಯ್‌ಗುಡುತ್ತಿತ್ತು ಅಂತಲ್ಲವೇ — ಬಸ್ಸು ಹೊರಟಿತು, ಗಾಜು ಮತ್ತಷ್ಟು ಜೋರಾಯಿತು, ಮಾಪಕದ ಪೆಟ್ಟಿಗೆ ಕಾಲಬುಡದಲ್ಲೇ ಇದೆ, ಬ್ಯಾಟರಿ ತುಂಬಿದೆ, ಸಭೆ ಬಿಟ್ಟು ಸಿರಸಂಗಿಗೆ ಹೋಗಿ ಮೂಲೆಯಲ್ಲಿ ಅಳೆಯಬಹುದು, ಅಳೆದರೆ ತನ್ನ ಸಹಿ ಸುಳ್ಳೆಂದು ತಾನೇ ಬರೆಯಬೇಕು, ಸಭೆಗೆ ಏನು ಹೇಳುವುದು, ಆಫೀಸಿನ ಸಾಹೇಬರಿಗೆ ಏನು ಹೇಳುವುದು, ಎಲ್ಲಿಗ್ರಿ ಮೇಡಂ, ಸವದತ್ತಿನೋ ಸಿರಸಂಗಿನೋ, ಲಗೂ ಹೇಳ್ರಿ, ಹಿಂದ ಮಂದಿ ನಿಂತಾರ, ಕಂಡಕ್ಟರ್ ಕೈಚಾಚಿ ನಿಂತಿದ್ದಾನೆ, ಬಾಯಿ ತೆರೆದಳು, ಗಾಜು ನಡುಗುತ್ತಿದೆ, ಬೆರಳು ಒತ್ತಿದಳು, ನಾಲ್ಕು ಮಡಿಕೆಯ ಬಟ್ಟೆ, ತೊಳೆದು ತೊಳೆದು ಮಾಸಿದ ಬಟ್ಟೆ, ಮುಚ್ಚಳದಡಿ ಯಾರೋ ಒತ್ತಿ ಒತ್ತಿ ತುರುಕಿದ ಬಟ್ಟೆ