ಮನೆ: ಅಗ್ನಿಶಾಮಕ ದಳ

“ಅಗ್ನಿಶಾಮಕ ದಳದವರು ಬಂದ್ರಾ?”

ಬಾಗಿಲು ತೆರೆದವನ ಎದುರು ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ನೆಲ ಒರೆಸುವ ದ್ರವದ ದೊಡ್ಡ ಬಾಟಲಿ. ಅವರ ಹಿಂದೆ ಮೆಟ್ಟಿಲ ಮೇಲೆ ಭಾವಮೈದುನ ಕೆಂಪು ಬಣ್ಣದ, ಬೆಂಕಿ ಆರಿಸುವ ಸಿಲಿಂಡರೊಂದನ್ನು ಅಪ್ಪಿಕೊಂಡು ಏದುಸಿರು ಬಿಡುತ್ತಿದ್ದ.

“ಯಾವ ದಳ?” ಎಂದ ಅವನು.

“ಏನೂ ಗೊತ್ತಿಲ್ಲದವರ ಹಾಗೆ ಕೇಳ್ತೀರಲ್ಲ ಅಳಿಯಂದ್ರೇ! ಫೋನಿಗೆ ಕಳ್ಸಿದ್ದು ನೀವೇ ತಾನೆ? ಶನಿವಾರ, ಸಂಜೆ ಐದು ಗಂಟೆ, ಮನೆ, ಅಗ್ನಿಶಾಮಕ ದಳ. ತಪಾಸಣೆಗೆ ಬರ್ತಾರೆ ಅಂತ ಗೊತ್ತಾಯ್ತು. ನಿಮ್ಮ ಅಡುಗೆಮನೆ ಯಾವ ಸ್ಥಿತೀಲಿದೆ ಅಂತಾನೂ ನನಗೆ ಗೊತ್ತು. ಅವರು ನೋಡೋ ಮುಂಚೆ ನಾನೊಂದ್ಸಲ ನೋಡ್ಬೇಕು.”

ಅವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಲೆಯ ಮುಂದಿದ್ದರು. ಭಾವಮೈದುನ ಸಿಲಿಂಡರನ್ನು ಸೋಫಾದ ಪಕ್ಕ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡ. ಅವನು ಡ್ರೈವಿಂಗ್ ಸ್ಕೂಲ್ ನಡೆಸುವವನು. “ಭಾವ, ಇದು ನಮ್ಮ ಸ್ಕೂಲಿಂದು. ತಪಾಸಣೆ ಮುಗಿದ ತಕ್ಷಣ ವಾಪಸ್ ಕೊಟ್ಬಿಡಿ. ನಮ್ಮಲ್ಲಿಗೂ ಯಾವಾಗ ವಕ್ಕರಿಸ್ತಾರೋ ಏನೋ.”

ಅಳಿಯನಿಗೆ ನಗು ಬಂತು. ಬೂಟು ಹಾಕಿಕೊಂಡು, ತಲೆ ಬಾಚಿಕೊಂಡು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅವನು ಆಗಲೇ ಬಹಳ ಹೊತ್ತಿನಿಂದ ಕುಳಿತಿದ್ದ. ಫೋನು ‘ಈಗ ಹೊರಡು’ ಎನ್ನಬೇಕು, ಅವನು ಹೊರಡಬೇಕು. ಅದಿನ್ನೂ ಅಂದಿರಲಿಲ್ಲ.

ವಿಮಾ ಕಚೇರಿಯಲ್ಲಿ ಅವನಿಗೆ ‘ಆಟೋಮ್ಯಾಟಿಕ್’ ಎಂದು ಹೆಸರು. ಐದು ನಿಮಿಷದ ಕೆಲಸವನ್ನು ಕೈಯಿಂದ ಮಾಡುವುದೆಂದರೆ ಅವನಿಗೆ ಅವಮಾನ. ಅದು ತಾನಾಗಿಯೇ ಆಗುವ ಹಾಗೆ ಒಂದು ತಿಂಗಳು ಕೂತು ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆಯುವುದೆಂದರೆ ಪರಮಾನಂದ. ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಜಿಲ್ಲೆಯ ಸರ್ಕಾರಿ ಇಲಾಖೆಗಳ ಹೆಂಗಸರೆಲ್ಲ ಸೇರಿ ಆಡುವ ವಾಲಿಬಾಲ್ ಲೀಗ್ ಒಂದಿತ್ತು. ಅದರಲ್ಲಿ ಅವಳು ಗ್ರಂಥಾಲಯ ತಂಡದ ಲಿಫ್ಟರ್. ಬಂದ ಚೆಂಡನ್ನು ಬಲೆಯ ಪಕ್ಕದಲ್ಲಿ ಹದವಾಗಿ ಮೇಲಕ್ಕೆತ್ತಿ ಕೊಡುವುದು ಅವಳ ಕೆಲಸ. ಹಾರಿ ಹೊಡೆದು ಚಪ್ಪಾಳೆ ಗಿಟ್ಟಿಸುವುದು ಬೇರೆಯವರ ಕೆಲಸ. ಮದುವೆಗೂ ಮುಂಚಿನಿಂದ ಆಡುತ್ತಿದ್ದಳು. ಅವಳ ಒಂದೇ ಒಂದು ಪಂದ್ಯವನ್ನೂ ಅವನು ನೋಡಿರಲಿಲ್ಲ. ನೋಡಬಾರದೆಂದೇನಲ್ಲ, ಮರೆತುಹೋಗುತ್ತಿತ್ತು.

ಈ ಸಲ ಲೀಗ್ ಶುರುವಾಗುವ ಮುಂಚೆ, ಒಣಗಿದ ಬಟ್ಟೆ ಮಡಚುತ್ತ ಅವಳು ಹೇಳಿದ್ದಳು: “ಮಂಡಿ ಕೈಕೊಡ್ತಿದೆ ಕಣ್ರೀ. ಈ ವರ್ಷಕ್ಕೆ ಸಾಕು ಮಾಡ್ತೀನಿ. ಒಂದ್ಸಲ ಬಂದು ನೋಡಿ.” ದೂರಿನ ದನಿಯಲ್ಲಿ ಹೇಳಿದ್ದರೆ ಅವನು ಏನಾದರೂ ಸಬೂಬು ಹೇಳಿ ಜಾರಿಕೊಳ್ಳುತ್ತಿದ್ದನೇನೋ. ಅವಳು ದಿಂಬಿನ ಚೀಲದ ಸುಕ್ಕು ಸರಿಮಾಡುತ್ತ ಹೇಳಿದ್ದು ಎದೆಗೆ ನಾಟಿತು. ಬೇರೆ ಯಾರಾದರೂ ಆಗಿದ್ದರೆ ತಾರೀಖು ಕೇಳಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದರು. ಅವನು ಸ್ಕ್ರಿಪ್ಟ್ ಬರೆಯಲು ಕುಳಿತ.

ದಿನಾ ಬೆಳಿಗ್ಗೆ ಅದು ಲೀಗಿನ ವೆಬ್‌ಸೈಟಿಗೆ ಹೋಗಿ ಪಂದ್ಯಗಳ ಪಟ್ಟಿ ಓದಿ, ಒಂದೊಂದನ್ನೂ ಮನೆಮಂದಿಯೆಲ್ಲರ ಫೋನಿನಲ್ಲೂ ಕಾಣುವ ಒಂದೇ ಕ್ಯಾಲೆಂಡರಿನಲ್ಲಿ ತಾನೇ ಬರೆದಿಡಬೇಕು. ದಿನ ಬದಲಾದರೆ ತಾನೇ ತಿದ್ದಬೇಕು. ಅತ್ತೆಯ ಕಣ್ಣಿನ ಡಾಕ್ಟರ ದಿನ, ಚಿಕ್ಕಮ್ಮನ ಹುಟ್ಟುಹಬ್ಬ ಎಲ್ಲ ಇದ್ದದ್ದು ಆ ಕ್ಯಾಲೆಂಡರಿನಲ್ಲೇ. ಮೊದಲು ಅದು ನಿವೃತ್ತ ನೌಕರರ ಚದುರಂಗದ ಪಂದ್ಯಗಳನ್ನೂ ತಂದು ಸುರಿಯಿತು. ಅದನ್ನು ಸರಿಮಾಡಿದರೆ, ಇದ್ದ ಪಂದ್ಯವನ್ನೇ ದಿನಾ ಹೊಸದಾಗಿ ಬರೆಯತೊಡಗಿತು. ಒಂದೇ ಸೋಮವಾರದ ಚೌಕದಲ್ಲಿ ಅಂಚೆ ಇಲಾಖೆಯ ಮೇಲಿನ ಒಂದೇ ಪಂದ್ಯ ಒಂದರ ಕೆಳಗೊಂದು ಮೆಟ್ಟಿಲಾಗಿ ನಿಂತಿತ್ತು. ಹೀಗೆ ಹೆಂಡತಿ ಆಡಲು ಹೋದ ಸಂಜೆಗಳಲ್ಲೆಲ್ಲ ಅವನು ಮನೆಯಲ್ಲಿ ಕೂತು, ಅವಳ ಆಟ ನೋಡುವ ಸಲುವಾಗಿ ಸ್ಕ್ರಿಪ್ಟ್ ರಿಪೇರಿ ಮಾಡುತ್ತಿದ್ದ.

ಒಂದು ಸಂಜೆ ಅವಳು ಬೆವರಿನ ಬಟ್ಟೆಯಲ್ಲೇ ಬಂದು, “ಗೆದ್ವಿ” ಎಂದಳು.

“ಯಾವ ತಾರೀಖಿಂದು?” ಎಂದು ಅವನು ಪರದೆಯಿಂದ ಕಣ್ಣು ತೆಗೆಯದೆ ಕೇಳಿದ್ದ.

ಅಂತೂ ಸ್ಕ್ರಿಪ್ಟ್ ಹದಕ್ಕೆ ಬರುವ ಹೊತ್ತಿಗೆ ಉಳಿದದ್ದು ಎರಡೇ ಪಂದ್ಯ. ಒಂದು ಬೇರೆ ಊರಿನಲ್ಲಿ, ಕಚೇರಿಯ ದಿನ, ಕಾರಾಗೃಹ ಸಿಬ್ಬಂದಿಯ ಮೇಲೆ; ಅದಕ್ಕೆ ಅವನು ಹೋಗುವಂತಿರಲಿಲ್ಲ. ಕ್ಯಾಲೆಂಡರಿನಲ್ಲಿ ಅದು ‘ಹೊರಗೆ: ಜೈಲು’ ಎಂದು ಬಿತ್ತು. ಆ ರಾತ್ರಿಯೇ ಚಿಕ್ಕಮ್ಮ ಫೋನು ಮಾಡಿ, ದನಿ ತಗ್ಗಿಸಿ, “ಜೈಲಿಂದ ಯಾರಪ್ಪಾ ಹೊರಗೆ ಬರ್ತಿರೋದು? ಒಳಗೆ ಹೋಗಿದ್ದನ್ನೇ ನಮಗೆ ಯಾರೂ ಹೇಳ್ಲಿಲ್ಲವಲ್ಲ!” ಎಂದು ಕಣ್ಣೀರಿಟ್ಟಿದ್ದರು. ಪಂದ್ಯ ನಮ್ಮ ಅಂಗಳದಲ್ಲಿದ್ದರೆ ‘ಮನೆ’, ಎದುರಾಳಿಯ ಅಂಗಳದಲ್ಲಿದ್ದರೆ ‘ಹೊರಗೆ’ ಎಂದು ಅವನು ಬಿಡಿಸಿ ಹೇಳಿದ. ಚಿಕ್ಕಮ್ಮನಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಎಂದು ತೀರ್ಮಾನಿಸಿ ನಿದ್ದೆ ಹೋದ.

ಉಳಿದ ಇನ್ನೊಂದೇ ಇವತ್ತಿನದು. ಗ್ರಂಥಾಲಯದ ಹಿಂದಿನ ಅಂಗಳದಲ್ಲಿ, ಅಗ್ನಿಶಾಮಕ ದಳದ ಮೇಲೆ. ಮಧ್ಯಾಹ್ನ ಚೀಲ ಹೆಗಲಿಗೇರಿಸಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, “ಬರ್ತೀರಲ್ಲ?” ಎಂದಿದ್ದಳು.

“ರಸ್ತೆಯಲ್ಲಿ ಎಷ್ಟು ಗಾಡಿ ಇದೆ ಅಂತ ಲೆಕ್ಕ ಹಾಕಿ, ಯಾವಾಗ ಹೊರಡ್ಬೇಕು ಅಂತ ಫೋನೇ ಹೇಳುತ್ತೆ.”

“ಫೋನು ಬರದಿದ್ರೂ ಪರವಾಗಿಲ್ಲ. ನೀವು ಬನ್ನಿ.”

ಇದನ್ನೆಲ್ಲ ಅವನು ಭಾವಮೈದುನನಿಗೆ ನಗುನಗುತ್ತ ವಿವರಿಸಿದ. ತಪಾಸಣೆ ಇಲ್ಲ, ಪಂದ್ಯ. ಮನೆ ಅಂದರೆ ಈ ಮನೆಯಲ್ಲ. ಅಡುಗೆಮನೆಯಿಂದ ಅತ್ತೆ ಒದ್ದೆ ಬಟ್ಟೆ ಹಿಡಿದು ಬಂದರು.

“ಅವಳ ಆಟ ಅಂತ ಒಂದು ಮಾತು ಸೇರ್ಸೋಕೆ ಏನಾಗಿತ್ತು?”

“ಫೋನಿನ ಚೌಕದೊಳಗೆ ಅಷ್ಟು ಉದ್ದ ಹಿಡಿಯಲ್ಲ ಅತ್ತೆ. ಅದಕ್ಕೆ ಅವಳನ್ನ ತೆಗೆದೆ.”

ಹೇಳಿದ ಮೇಲೆ ಅವನಿಗೇ ಅದು ಕಿವಿಗೆ ಚೆನ್ನಾಗಿ ಕೇಳಲಿಲ್ಲ. ಭಾವಮೈದುನ ಗೋಡೆ ಗಡಿಯಾರ ನೋಡಿದ. “ಭಾವ, ಐದೂವರೆ ಆಗ್ತಾ ಬಂತಲ್ಲ. ನೀವ್ಯಾಕೆ ಇನ್ನೂ ಇಲ್ಲಿದ್ದೀರಿ?”

ಅವನು ಫೋನನ್ನು ತೆರೆದು ನೋಡಿದ. ಸ್ಥಳ: ಮನೆ. ಅದರ ಕೆಳಗೆ ಪುಟ್ಟ ಅಕ್ಷರಗಳಲ್ಲಿ, ‘ನೀವು ಈಗಾಗಲೇ ಸ್ಥಳದಲ್ಲಿದ್ದೀರಿ’ ಎಂದಿತ್ತು.

ಪಂದ್ಯದ ‘ಮನೆ’ಯನ್ನು ಫೋನು ಅವನ ಮನೆಯೆಂದೇ ತಿಳಿದಿತ್ತು. ಬೂಟು ಹಾಕಿ ಸೋಫಾದ ಮೇಲೆ ಕೂತವನನ್ನು ಕಂಡು, ತಲುಪಿದ ಎಂದು ನೆಮ್ಮದಿಯಿಂದಿತ್ತು. ಚಿಕ್ಕಮ್ಮ ಒಬ್ಬರೇ ಅಲ್ಲ, ಅವನೂ ಆ ಕ್ಯಾಲೆಂಡರ್ ಓದಲಾರದವನೇ.

“ಕಾರಿನ ಕೀಲಿ ತಗೊಳ್ಳೋ!” ಎಂದು ಅತ್ತೆ ಮಗನಿಗೆ ಗದರಿದರು. “ನಿಂತು ನೋಡ್ತಾನೆ!”

ಸಿಲಿಂಡರನ್ನು ಬಿಟ್ಟು ಬರಲು ಭಾವಮೈದುನನಿಗೆ ಮನಸ್ಸಾಗಲಿಲ್ಲ. ಅದೂ ಕಾರು ಹತ್ತಿತು. ಕಾರು ಡ್ರೈವಿಂಗ್ ಸ್ಕೂಲಿನದು. ಕಲಿಸುವವರಿಗೆಂದು ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇತ್ತು, ಆ ಸೀಟಿನಲ್ಲಿ ಅತ್ತೆ ಕುಳಿತರು. ಎದುರಿಗೆ ಲಾರಿ ಕಂಡರೆ ಅವರು ಬ್ರೇಕ್ ತುಳಿಯುತ್ತಿದ್ದರು. ಸೈಕಲ್ ಕಂಡರೂ ತುಳಿಯುತ್ತಿದ್ದರು. ಒಮ್ಮೆ ಅಂಗಡಿಯ ಬಾಗಿಲಲ್ಲಿ ಪರಿಚಯದವರು ಕಂಡರೆಂದೂ ತುಳಿದರು.

“ಅಮ್ಮಾ, ಕಾಲು ಮೇಲಿಟ್ಕೊಳಮ್ಮಾ!”

“ನೀನು ನೆಟ್ಟಗೆ ಓಡ್ಸು, ನಾನ್ಯಾಕೆ ತುಳೀತೀನಿ?”

ಹಿಂದಿನ ಸೀಟಿನಲ್ಲಿ ಅವನು ಸಿಲಿಂಡರನ್ನು ತಬ್ಬಿಕೊಂಡು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದ. ದೇವರೇ, ಪಂದ್ಯ ಸ್ವಲ್ಪ ತಡವಾಗಿ ಶುರುವಾಗಿರಲಿ ಎಂದು ಬೇಡಿಕೊಂಡ. ಸ್ಕ್ರಿಪ್ಟಿನ ಸಾಲುಗಳಲ್ಲಿ ಒಂದೂ ಈಗ ನೆನಪಾಗಲಿಲ್ಲ. ಬಾಗಿಲಲ್ಲಿ ನಿಂತು ‘ಬರ್ತೀರಲ್ಲ’ ಎಂದವಳ ಮುಖ ಮಾತ್ರ ಕಾಣುತ್ತಿತ್ತು.

ಅಂಗಳ ತಲುಪಿದಾಗ ಮೂರನೇ ಸೆಟ್ ನಡೆಯುತ್ತಿತ್ತು. ತಲಾ ಒಂದು ಸೆಟ್ ಗೆದ್ದಾಗಿತ್ತು. ನೋಡುವವರೆಂದರೆ ಗ್ರಂಥಾಲಯದ ಕಾವಲುಗಾರ ಮತ್ತು ಬೆಂಚಿನ ಮೇಲೆ ಮಲಗಿದ್ದ ಒಂದು ನಾಯಿ. ಸರ್ವ್ ಮಾಡಲು ಚೆಂಡು ಹಿಡಿದು ನಿಂತಿದ್ದ ಹೆಂಡತಿ ಕಾರಿನ ಬಾಗಿಲುಗಳ ಸದ್ದಿಗೆ ತಿರುಗಿ ನೋಡಿದಳು. ಗಂಡ, ತಾಯಿ, ತಮ್ಮ, ಒಂದು ಕೆಂಪು ಸಿಲಿಂಡರು. ಅವಳು ಹೊಡೆದ ಚೆಂಡು ಸೀದಾ ಬಲೆಗೆ ಬಡಿಯಿತು. ಅತ್ತೆ ಜೋರಾಗಿ ಚಪ್ಪಾಳೆ ತಟ್ಟಿದರು. ಅದು ತಪ್ಪು ಎಂದು ಕಾವಲುಗಾರ ಹೇಳಿದಾಗ, “ನನ್ನ ಮಗಳು ಹೊಡೆದಿದ್ದು, ನಾನು ತಟ್ಟಿದ್ದು, ನಿಮಗೇನ್ರೀ ಕಷ್ಟ?” ಎಂದರು.

ಅವನು ಕಣ್ಣು ಮಿಟುಕಿಸದೆ ನೋಡಿದ. ಮನೆಯಲ್ಲಿ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವವಳು ಇಲ್ಲಿ ಬಲೆಯ ಉದ್ದಕ್ಕೂ ಓಡುತ್ತಿದ್ದಳು, ಬೆರಳ ತುದಿಯಲ್ಲಿ ಚೆಂಡನ್ನು ತಡೆದು ಮೇಲಕ್ಕೆ ಕಳಿಸುತ್ತಿದ್ದಳು, ತನಗಿಂತ ಅರ್ಧ ವಯಸ್ಸಿನ ಹುಡುಗಿಯರನ್ನು ಗದರುತ್ತಿದ್ದಳು. ಇವಳು ತನ್ನ ಹೆಂಡತಿ ಎಂದು ಅವನಿಗೆ ಹೆಮ್ಮೆಯಾಯಿತು. ಇಷ್ಟು ವರ್ಷ ಇದು ಇಲ್ಲೇ, ಇದೇ ಊರಿನೊಳಗೆ ಆಗುತ್ತಿತ್ತಲ್ಲ ಎಂದುಕೊಂಡ. ಗ್ರಂಥಾಲಯ ಸೋತಿತು.

ಕೈಕುಲುಕಿ ಬಂದ ಅಗ್ನಿಶಾಮಕ ದಳದ ನಾಯಕಿ ಸಿಲಿಂಡರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಚೀಟಿ ಓದಿದಳು. “ಇದರ ಅವಧಿ ಯಾವತ್ತೋ ಮುಗಿದಿದೆ. ಯಾರದಿದು?” ಭಾವಮೈದುನ ಮುಖ ತಿರುಗಿಸಿ ನಾಯಿಯನ್ನು ಮಾತಾಡಿಸತೊಡಗಿದ.

ಹೆಂಡತಿ ಬೆಂಚಿನ ಮೇಲೆ ಕೂತು ಮಂಡಿಯ ಪಟ್ಟಿ ಬಿಚ್ಚುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ಕುಳಿತ.

“ಯಾವಾಗ ಬಂದ್ರಿ?”

“ಮೂರನೇ ಸೆಟ್ಟಿಗೆ.”

“ಹಾಗಾದ್ರೆ ಮೊದಲನೇದು ನೋಡ್ಲಿಲ್ಲ.” ಅವಳು ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿದಳು. “ಅದರಲ್ಲಿ ನಾನು ಹೊಡೆದೆ ಕಣ್ರೀ. ಇಷ್ಟು ವರ್ಷ ಎತ್ತಿ ಕೊಟ್ಟಿದ್ದೇ ಆಯ್ತು. ಇವತ್ತು ನಮ್ಮ ಹುಡುಗಿ ತಪ್ಪಿ ನನಗೇ ಎತ್ತಿಬಿಟ್ಳು. ಹಾರಿ ಹೊಡೆದೆ. ಆ ಕಡೆಯವರು ಕದಲಲಿಲ್ಲ.”

ಹೇಳಲು ಬಂದ ಸಬೂಬುಗಳೆಲ್ಲ ನಿಜವೇ ಆಗಿದ್ದವು, ಆದರೆ ಒಂದೂ ಪ್ರಯೋಜನವಿರಲಿಲ್ಲ.

“ಹೇಗೆ ಹೊಡೆದೆ?” ಎಂದ.

ಅವಳು ಅವನ ಮುಖ ನೋಡಿದಳು. ಆಮೇಲೆ ಚೀಲದಿಂದ ಪಟ್ಟಿ ತೆಗೆದು ಮತ್ತೆ ಮಂಡಿಗೆ ಕಟ್ಟಿಕೊಂಡು ಎದ್ದಳು. ಬಲೆ ಬಿಚ್ಚಲು ಹೊರಟಿದ್ದ ಕಾವಲುಗಾರನಿಗೆ ಕೈಸನ್ನೆಯಲ್ಲೇ ತಡೆಯಲು ಹೇಳಿ, ಚೆಂಡನ್ನು ಗಂಡನ ಕೈಗಿಟ್ಟಳು.

“ನೀವು ಎತ್ತಿ.”

ಅವನು ಎತ್ತಿದ ಮೊದಲ ಚೆಂಡು ಅವನ ತಲೆಯ ಹಿಂದಕ್ಕೇ ಹೋಯಿತು. ಎರಡನೆಯದು ಬಲೆಗೆ ಸಿಕ್ಕಿಕೊಂಡಿತು. “ಅಳಿಯಂದ್ರೇ, ಸ್ವಲ್ಪ ಮೇಲೆ!” ಎಂದು ಅತ್ತೆ ಬೆಂಚಿನಿಂದ ಕೂಗಿದರು. “ಬೆರಳಲ್ಲಿ ಎತ್ತಿ, ಅಂಗೈಯಲ್ಲಲ್ಲ” ಎಂದಳು ಹೆಂಡತಿ. ಆಮೇಲಿನದೂ ಸೊಟ್ಟಗೆ ಹೋಯಿತು. ಮತ್ತೊಂದು ಮಾತ್ರ, ಹೇಗೋ ಏನೋ, ಅವನ ಬೆರಳುಗಳಿಂದ ಸಡಿಲವಾಗಿ ಮೇಲೇರಿ ಬಲೆಯ ಮೇಲಕ್ಕೆ ಬಂದು ನಿಂತಂತಾಯಿತು. ಅವಳು ಎರಡು ಹೆಜ್ಜೆ ಓಡಿ ಹಾರಿದಳು. ಫಟಾರ್ ಎಂಬ ಸದ್ದು ಗ್ರಂಥಾಲಯದ ಗೋಡೆಗೆ ಬಡಿದು ತಿರುಗಿ ಬಂತು. ಆಚೆ ಬದಿಯ ಖಾಲಿ ಅಂಗಳದಲ್ಲಿ ಧೂಳೆದ್ದಿತು.

“ಹೀಗೆ,” ಎಂದಳು ಅವಳು, ಏದುಸಿರು ಬಿಡುತ್ತ. “ನೋಡಿದ್ರಾ?”

ಅವನು ನೋಡಿದ್ದ. ಅವಳ ಕಾಲು ನೆಲ ಬಿಟ್ಟದ್ದರಿಂದ ಹಿಡಿದು ಎಲ್ಲವನ್ನೂ ನೋಡಿದ್ದ.

“ಇಲ್ಲ,” ಎಂದ. “ಇನ್ನೊಂದ್ಸಲ ಹೊಡಿ.”

ಎಂದವನು ಬಲೆಯ ಕೆಳಗೆ ಬಗ್ಗಿ, ಚೆಂಡು ಉರುಳಿ ಹೋದ ಕಡೆಗೆ ಓಡಿದ.