ಯಾರದೋ ಕುಮ್ಕಿ

ಹಾಯಿಲ್ ಪಟ್ಟಣದಿಂದ ಉತ್ತರಕ್ಕೆ ಒಂದು ಗಂಟೆ ಹೋದರೆ ಅಬೂ ಸಾಲಿಹನ ಗೋಧಿ ಹೊಲ. ಹೊಲ ಗುಂಡಗಿತ್ತು. ನಡುವಿನ ಕೊಳವೆಬಾವಿಗೆ ಸಿಕ್ಕಿಸಿದ ಉದ್ದನೆಯ ಕಬ್ಬಿಣದ ಪೈಪು ಗಾಲಿಗಳ ಮೇಲೆ ಗಾಣದ ಎತ್ತಿನಂತೆ ಸುತ್ತುತ್ತ ನೀರು ಚಿಮ್ಮಿಸುತ್ತಿತ್ತು. ಅದು ಸುತ್ತಿದಷ್ಟು ಹಸಿರು, ಅದರಾಚೆ ಕೆಂಪು ಮರಳು. ಸರಕಾರ ಕೊಟ್ಟ ಜಾಗವಾದರೋ ಚೌಕ. ಹಾಗಾಗಿ ನಾಲ್ಕು ಮೂಲೆಗಳು ಕೇಳುವವರಿಲ್ಲದೆ ಬಿದ್ದಿದ್ದವು.

ಆ ಮೂಲೆಗಳನ್ನು ಕಂಡು ದೇಜಪ್ಪನ ಮೈ ಉರಿಯಿತು. ಅವನು ಬೆಳ್ತಂಗಡಿ ಕಡೆಯ ಒಕ್ಕಲಿನವನು. ಮೂರು ವರ್ಷ ಜುಬೈಲಿನಲ್ಲಿ ಅಬೂ ಸಾಲಿಹನ ತಮ್ಮನ ಯಾರ್ಡಿನಲ್ಲಿ ಸಿಮೆಂಟ್ ಬ್ಲಾಕ್ ಒತ್ತಿದ್ದ. ಬೆಳಗ್ಗೆ ಕಂಪೆನಿ ಬಸ್ಸು, ಸಂಜೆ ಕಂಪೆನಿ ಬಸ್ಸು, ನಡುವೆ ಸಿಮೆಂಟಿನ ಹುಡಿ, ರಾತ್ರಿಯೆಲ್ಲ ಕೆಮ್ಮು. ಬೇಸಿಗೆಯಲ್ಲಿ ಹೊಲದ ಪಂಪು ನೋಡಿಕೊಳ್ಳಲು ಒಬ್ಬ ಬೇಕೆಂದು ಕಫೀಲ, ಅಂದರೆ ವೀಸಾ ಕೊಟ್ಟ ಧಣಿ ಅಬೂ ಸಾಲಿಹ್, ಇಲ್ಲಿಗೆ ಕರೆಸಿಕೊಂಡಾಗ ದೇಜಪ್ಪ ಕಾರಣ ಕೇಳದೆ ಪೆಟ್ಟಿಗೆ ಕಟ್ಟಿದ.

ಬಂದ ತಿಂಗಳಲ್ಲೇ ಒಂದು ಮೂಲೆಯಲ್ಲಿ ತರಕಾರಿ ಮಾಡುತ್ತೇನೆಂದು ಕೇಳಿದ. ಮಾತು ಮುಟ್ಟಿಸಿದವನು ಇದಿನಬ್ಬ. ಉಳ್ಳಾಲದವನು, ಕಫೀಲನ ಪಿಕಪ್ಪಿನ ಡ್ರೈವರ್. ಹತ್ತು ವರ್ಷದ ಸೌದಿ ವಾಸದಲ್ಲಿ ಅರಬ್ಬಿಯನ್ನು ಮನೆಮಾತಿನಂತೆ ಆಡುತ್ತಿದ್ದ. ಅಬೂ ಸಾಲಿಹ್ ನಕ್ಕ. ಪೇಟೆಯಲ್ಲಿ ಪಂಪಿನ ಬಿಡಿಭಾಗಗಳ ಅಂಗಡಿ ಇಟ್ಟವನಿಗೆ ಮಣ್ಣಿನ ಗೊಡವೆ ಅಷ್ಟಕ್ಕಷ್ಟೆ.

"ಚಳಿ ಕಳೆಯುವ ಹೊತ್ತಿಗೆ ನನ್ನ ಮನೆಗೆ ಟೊಮೆಟೊ ಬಂದರೆ ಇವನು ಇಲ್ಲೇ ಇರಲಿ. ಬಾರದಿದ್ದರೆ ಜುಬೈಲಿಗೆ ಹೋಗಲಿ," ಎಂದ.

ಕಫೀಲ ತಮಾಷೆಗೆ ಹೇಳಿದ್ದನೋ ಏನೋ. ದೇಜಪ್ಪ ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಮೂಲೆಯ ಮಣ್ಣು ಬರೇ ಮರಳು. ನೀರು ಹೊಯ್ದರೆ ನೀರು ಹೋಗುವುದು, ಗೊಬ್ಬರ ಹಾಕಿದರೆ ಗೊಬ್ಬರ ಹೋಗುವುದು. ಚಳಿಗಾಲದ ಬೆಳಗ್ಗೆ ಹಿಮ ಬಿದ್ದು ಎಲೆ ಸುಡುವುದು ಬೇರೆ. ಸೊಪ್ಪು ಬೇಕಿತ್ತು, ಬುಡಕ್ಕೆ ಹಾಕಲು, ಮೇಲೆ ಹೊದೆಸಲು. ಸೊಪ್ಪು ಕಣ್ಣೆದುರೇ ಇತ್ತು. ಹೊಲದ ಅಂಚಿನಿಂದ ಕಲ್ಲುಗುಡ್ಡದ ಬುಡದವರೆಗೆ ಒಣಹೊಳೆಯ ಎರಡೂ ದಡಗಳಲ್ಲಿ ಜಾಲಿಯ ಕಾಡು, ನಡುನಡುವೆ ಎಲಚಿ ಮರಗಳು. ಮರುಭೂಮಿ ಎಂದರೆ ಮರವೇ ಇಲ್ಲ ಎಂದು ಊರಿನಲ್ಲಿ ಹೇಳುವವರಿಗೆ ಈ ಕಾಡನ್ನು ತೋರಿಸಬೇಕು. ಮಧ್ಯಾಹ್ನವೂ ಅದರೊಳಗೆ ನೆರಳು ತಂಪಾಗಿತ್ತು.

"ಆ ಮರ ಯಾರದ್ದು ಮಾರಾಯ?" ದೇಜಪ್ಪ ಕೇಳಿದ.

"ಯಾರದ್ದೂ ಅಲ್ಲ," ಎಂದ ಇದಿನಬ್ಬ. "ಬೇಲಿ ಉಂಟಾ? ಇಲ್ಲ. ಬೋರ್ಡ್ ಉಂಟಾ? ಇಲ್ಲ. ಮತ್ತೆ ಯಾರದ್ದು, ಸರಕಾರದ್ದು."

"ಹಾಗಾದರೆ ಅದು ನಮ್ಮ ಕುಮ್ಕಿ."

"ಎಂತ ಕುಮ್ಕಿ ದೇಜಪ್ಪಣ್ಣ? ಇದು ಸೌದಿ."

"ಸರಕಾರ ಎಲ್ಲಿದ್ದರೂ ಸರಕಾರವೇ. ಹೊಲಕ್ಕೆ ತಾಗಿ ಸರಕಾರದ ಕಾಡು ಉಂಟು ಅಂದರೆ ಅದರ ಸೊಪ್ಪು ಆ ಹೊಲದವನಿಗೆ. ಉಳುವ ಹಾಗಿಲ್ಲ, ಮರ ಉರುಳಿಸುವ ಹಾಗಿಲ್ಲ. ಸೊಪ್ಪು, ಸೌದೆ, ದನಕ್ಕೆ ಮೇವು. ಅಷ್ಟು ನ್ಯಾಯ ಇಲ್ಲದಿದ್ದರೆ ಬೇಸಾಯ ಮಾಡುವುದು ಹೇಗೆ?"

ಇದಿನಬ್ಬನಿಗೆ ಊರಿನ ತನ್ನ ಹತ್ತು ಸೆಂಟ್ಸ್ ಜಾಗ ಬಿಟ್ಟರೆ ನೆಲದ ವಿಷಯ ಬೇರೆ ಗೊತ್ತಿರಲಿಲ್ಲ. ಸರಿ ಎಂದು ತಲೆಯಾಡಿಸಿದ. ತಪ್ಪು ಶುರುವಾದದ್ದು ಅಲ್ಲಿ.

ದೇಜಪ್ಪನ ಪೆಟ್ಟಿಗೆಯಲ್ಲಿ ಒಂದು ಸೊಪ್ಪಿನ ಕತ್ತಿ ಇತ್ತು. ಊರಿನ ಆಚಾರಿ ಕಾಯಿಸಿ ಬಡಿದದ್ದು, ಮೂತಿ ಬಾಗಿದ್ದು. ಜುಬೈಲಿನಲ್ಲಿ ಮೂರು ವರ್ಷ ಬಟ್ಟೆಯೊಳಗೆ ಸುಮ್ಮನೆ ಮಲಗಿತ್ತು. ಈಗ ಅದನ್ನು ಕಲ್ಲಿಗೆ ಮಸೆದು ಕಾಡಿಗೆ ನಡೆದ. ಊರಿನಲ್ಲಿ ಕಡಿಯುವಂತೆಯೇ ಕಡಿದ. ತುದಿ ಮುಟ್ಟಲಿಲ್ಲ. ಬದಿಯ ಗೆಲ್ಲು ಮಾತ್ರ ತೆಗೆದ, ಅದೂ ಒಂದು ಮರ ಬಿಟ್ಟು ಒಂದರಲ್ಲಿ. ಮುಳ್ಳಿನ ಗೆಲ್ಲುಗಳನ್ನು ಮೂಲೆಗೆ ಬೇಲಿಯಾಗಿ ಒತ್ತಿದ, ಎಲೆ ಉದುರಿಸಿ ಮಡಿಗೆ ಹಾಕಿದ. ಒಂದು ತಿಂಗಳಲ್ಲಿ ಟೊಮೆಟೊ ಗಿಡಗಳು ಮೊಣಕಾಲಿನವರೆಗೆ ಬಂದವು. ಮೂಲಂಗಿಯ ಸೊಪ್ಪು ಮಡಿ ಮುಚ್ಚಿತು. ಗೋಧಿ ಹೊಲದ ಪೈಪು ನಡೆಸುವ ಈಜಿಪ್ಟಿನ ಆಪರೇಟರು ದಿನಾ ಬಂದು ನೋಡಿ, ಏನೂ ಹೇಳದೆ ಹೋಗತೊಡಗಿದ. ಅದೇ ಹೊಗಳಿಕೆ ಎಂದು ದೇಜಪ್ಪ ಎಣಿಸಿದ.

ಒಂದು ಬೆಳಗ್ಗೆ ಕಡಿದ ಗೆಲ್ಲು ಕಟ್ಟುತ್ತಿದ್ದಾಗ ಹಳೆಯ ಡಾಟ್ಸನ್ ಪಿಕಪ್ಪೊಂದು ಒಣಹೊಳೆಯಲ್ಲಿ ಬಂದು ನಿಂತಿತು. ಹಿಂದೆ ನಾಲ್ಕು ಆಡುಗಳು. ಮುದುಕನೊಬ್ಬ ಇಳಿದ. ಮರಗಳನ್ನು ಒಂದೊಂದಾಗಿ ನೋಡುತ್ತ ಬಂದ. ಮರದ ಬುಡಕ್ಕೆ ಕಚ್ಚಿಸಿಟ್ಟಿದ್ದ ಕತ್ತಿಯನ್ನು ಎಳೆದು ತೆಗೆದು, ಪಿಕಪ್ಪಿನ ಸೀಟಿನ ಮೇಲೆ ಇಟ್ಟು, ಬಾಗಿಲು ಹಾಕಿದ.

ದೇಜಪ್ಪ ಹಾರಿ ನಿಂತು ತುಳುವಿನಲ್ಲಿ ಬೈದ. ಬೈಗಳಿನಲ್ಲಿ ಮುದುಕನ ಮೂರು ತಲೆಮಾರು ಬಂದವು. ಮುದುಕನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ತಿಳಿದಿದ್ದರೂ ಅವನು ಅಲುಗುವವನಲ್ಲ. "ಹಿಮಾ," ಎಂದು ಕಾಡಿನ ಕಡೆ ಕೈ ಬೀಸಿ ತೋರಿಸಿದ. "ಹಿಮಾ," ಎಂದು ಮತ್ತೊಮ್ಮೆ ಹೇಳಿ ಗಾಡಿ ಬಿಟ್ಟ.

ಸಂಜೆ ಇದಿನಬ್ಬ ವಿಚಾರಿಸಿಕೊಂಡು ಬಂದ.

"ಮುದುಕನ ಹೆಸರು ಫರ್ಹಾನ್ ಅಂತೆ. ಹಿಮಾ ಅಂದರೆ ಕಾದಿಟ್ಟ ಕಾಡು, ಅದು ಅವರ ಕುಲದ್ದು ಅಂತೆ. ಕಾಗದ ಎಲ್ಲ ಇಲ್ಲ, ಅಜ್ಜಂದಿರ ಕಾಲದ ಕಟ್ಟು. ಮಳೆ ಬಾರದ ವರ್ಷ ಮಾತ್ರ ಆಡುಗಳಿಗೆ ಗೆಲ್ಲು ಕಡಿಯುವುದಂತೆ. ಬೇರೆ ವರ್ಷ ಅವರೂ ಮುಟ್ಟುವುದಿಲ್ಲ."

"ಬೋರ್ಡ್ ಇಲ್ಲ ಅಂದೆಯಲ್ಲ ನೀನು?"

"ನಿಮ್ಮ ಕುಮ್ಕಿಗೆ ಬೋರ್ಡ್ ಉಂಟಾ?"

ಇದಿನಬ್ಬ ಬಿಡಲಿಲ್ಲ.

"ಅದರೊಳಗೆ ಕಡಿದವನ ಕೈಯ ಕತ್ತಿ ಕಿತ್ತುಕೊಳ್ಳುವುದು ಅವರ ಕ್ರಮವಂತೆ. ವಾಪಸು ಕೊಡುವ ಕ್ರಮ ಇಲ್ಲವಂತೆ. ಎಲ್ಲಿಯೋ ಕೇಳಿದ ಹಾಗೆ ಆಗುತ್ತದಲ್ಲ ದೇಜಪ್ಪಣ್ಣ?"

ಇದಿನಬ್ಬ ಕೇಳಿದ್ದು ದೇಜಪ್ಪನ ಬಾಯಿಂದಲೇ. ಊರಿನಲ್ಲಿ ನೆರೆಮನೆಯ ನೋಣಯ ಇವನ ಕುಮ್ಕಿಯಲ್ಲಿ ಸೊಪ್ಪು ಕಡಿಯುವಾಗ ಸಿಕ್ಕಿಬಿದ್ದಿದ್ದ. ದೇಜಪ್ಪ ಅವನ ಕತ್ತಿ ಕಿತ್ತುಕೊಂಡು ತನ್ನ ಮನೆಯ ಮಾಡಿಗೆ ಸಿಕ್ಕಿಸಿದ್ದ. ಕತ್ತಿ ಹೋದವನು ಊರಿನಲ್ಲಿ ತಲೆ ಎತ್ತದಂತಾಯಿತು. ಎಂಟು ವರ್ಷವಾದರೂ ಕತ್ತಿ ಮಾಡಿನಲ್ಲೇ ಇದೆ. ಈ ಕಥೆಯನ್ನು ಹೊಲದ ಕೋಣೆಯಲ್ಲಿ ದೇಜಪ್ಪ ಎಷ್ಟೋ ಸಲ ಎದೆಯುಬ್ಬಿಸಿ ಹೇಳಿದ್ದ.

"ನೋಣಯ ಕಳ್ಳ. ನಾನು ಕಳ್ಳನಾ?" ಎಂದ ಈಗ.

"ನನ್ನನ್ನು ಕೇಳಬೇಡಿ. ನಾನು ಡ್ರೈವರ್."

ಎರಡು ದಿನ ಬಿಟ್ಟು ಅಬೂ ಸಾಲಿಹ್ ಬಂದ. ಬೈಗುಳಕ್ಕೆ ತಯಾರಾಗಿ ದೇಜಪ್ಪ ಪಂಪಿನ ಬಳಿ ನಿಂತ. ಆದರೆ ಕಫೀಲನ ಮುಖದಲ್ಲಿ ನಗು. ಕಡಿದ ಮರಗಳನ್ನೆಲ್ಲ ತಾನೇ ಸುತ್ತಿ ನೋಡಿ ಬಂದು, ದೇಜಪ್ಪನ ಬೆನ್ನು ತಟ್ಟಿದ. ಆಮೇಲೆ ಇದಿನಬ್ಬನನ್ನು ಕರೆದು ಬಹಳ ಹೊತ್ತು ಮಾತಾಡಿದ.

ವಿಷಯ ಇಷ್ಟು. ಆ ಕಾಡಿನ ಜಾಗದಲ್ಲಿ ಇನ್ನೊಂದು ಗುಂಡನೆಯ ಗೋಧಿ ಹೊಲ ಮಾಡಲು ಅಬೂ ಸಾಲಿಹ್ ಅರ್ಜಿ ಹಾಕಿದ್ದ. ಸರಕಾರ ಹೆಚ್ಚಿನ ಬೆಲೆಗೆ ಕೊಳ್ಳುತ್ತಿದ್ದ ಆ ವರ್ಷಗಳಲ್ಲಿ ಗೋಧಿ ಬೆಳೆದವನೇ ದೊರೆ. ಅಲ್ಲಿನ ಕಾನೂನಿನಂತೆ ಪಾಳು ಬಿದ್ದ ನೆಲ ಯಾರು ಬಳಸಿ ಜೀವ ಕೊಡುತ್ತಾರೋ ಅವರಿಗೆ. ಫರ್ಹಾನನ ಕುಲದವರು ತಕರಾರು ಹೂಡಿದ್ದರು. ತನಿಖೆಗೆ ಪಟ್ಟಣದಿಂದ ಅಧಿಕಾರಿಗಳು ಬರುವವರಿದ್ದರು. ಕಾಡನ್ನು ಮೊದಲಿನಿಂದ ಹೊಲದವರೇ ಬಳಸುತ್ತಿದ್ದರು ಎಂದು ತೋರಿಸಲು ಕಡಿದ ಮರಗಳಿಗಿಂತ ಒಳ್ಳೆಯ ಸಾಕ್ಷಿ ಯಾವುದು?

"ಮೂರು ಚಳಿಗಾಲದಿಂದ ಕಡಿಯುತ್ತಿದ್ದೇನೆ ಅಂತ ಹೇಳಬೇಕಂತೆ," ಎಂದ ಇದಿನಬ್ಬ. "ಹೇಳಿದರೆ ನಾಲ್ಕು ಮೂಲೆಯೂ ನಿಮಗೆ. ಕೈಕೆಳಗೆ ಒಬ್ಬ ಆಳು."

"ಹೇಳದಿದ್ದರೆ?"

"ಅದನ್ನೂ ನಾನು ತರ್ಜುಮೆ ಮಾಡಬೇಕಾ?"

"ಕಾಡು ಎಂತ ಮಾಡುತ್ತಾರಂತೆ?"

"ಬುಲ್ಡೋಜರ್. ಒಂದು ವಾರದ ಕೆಲಸ ಅಂತೆ."

ಮಾರನೆಯ ದಿನ ಕೆಲಸ ಮುಗಿದ ಮೇಲೆ ದೇಜಪ್ಪ ಕಾಡಿಗೆ ಹೋದ. ಯಾಕೆ ಹೋದ ಎಂದರೆ, ಕತ್ತಿ ಕೇಳಲು. ಫರ್ಹಾನ್ ಅಲ್ಲಿ ಕೂತಿರುತ್ತಾನೆಂದು ಆಪರೇಟರು ಹೇಳಿದ್ದ. ನಿಜವಾಗಿಯೂ ಕೂತಿದ್ದ. ಎಲಚಿ ಮರದ ಕೆಳಗೆ ಕಂಬಳಿ ಹಾಸಿ, ಕೆಂಡದ ಮೇಲೆ ಚಾ ಇಟ್ಟಿದ್ದ. ಕತ್ತಿ ಸೊಂಟದ ಪಟ್ಟಿಯಲ್ಲಿತ್ತು. ಊರಿನ ಆಚಾರಿಯ ಕತ್ತಿ ಆ ಬಿಳಿ ನಿಲುವಂಗಿಯ ಮೇಲೆ ಅಸಹ್ಯವಾಗಿ ಕಂಡಿತು.

"ಕತ್ತಿ ಕೊಡು," ಎಂದು ದೇಜಪ್ಪ ತನಗೆ ಬರುವ ಅರಬ್ಬಿಯಲ್ಲಿ ಕೇಳಿದ.

"ಲಾ," ಎಂದ ಫರ್ಹಾನ್. ಲಾ ಎಂದರೆ ಇಲ್ಲ.

ಚಾದ ಲೋಟ ಮುಂದೆ ಚಾಚಿದ. ದೇಜಪ್ಪ ಮುಟ್ಟಲಿಲ್ಲ. ಮುದುಕ ಎದ್ದ. ಒಂದು ಮರದ ಹತ್ತಿರ ಹೋಗಿ, ದೇಜಪ್ಪ ತೆಗೆದ ಗೆಲ್ಲಿನ ಬುಡವನ್ನು ತೋರಿಸಿದ, ಆಮೇಲೆ ಮುಟ್ಟದೆ ಬಿಟ್ಟ ತುದಿಯನ್ನು. "ಚೆನ್ನಾಗಿದೆ," ಎಂದ. ಹಳೆಯ ಮರವೊಂದನ್ನು ತೋರಿಸಿದ. ಅದರ ಬದಿಗಳಲ್ಲೂ ಹಿಂದೆಂದೋ ಕಡಿದು ಮಾಸಿದ ಗಂಟುಗಳಿದ್ದವು. ತುದಿ ಮುಟ್ಟಿರಲಿಲ್ಲ. "ನನ್ನ ಅಪ್ಪ," ಎಂದ. "ಮಳೆಯಿಲ್ಲದ ವರ್ಷ." ಮತ್ತೆ ದೇಜಪ್ಪನ ಎದೆಗೆ ಬೆರಳು ತೋರಿಸಿ ಹೇಳಿದ. "ಕಡಿಯಲು ಗೊತ್ತು. ನಿನ್ನದಲ್ಲ."

ಇಷ್ಟು ಅರಬ್ಬಿ ಯಾರಿಗಾದರೂ ತಿಳಿಯುತ್ತದೆ. ದೇಜಪ್ಪನಿಗೆ ಮೈಯೆಲ್ಲ ಉರಿಯಿತು. ನೋಣಯನಿಗೆ ತಾನು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ, ಇಷ್ಟು ಮೆತ್ತಗೆ ಅಲ್ಲ ಅಷ್ಟೆ. ತಿರುಗಿ ನೋಡದೆ ನಡೆದ.

ಅಧಿಕಾರಿಗಳು ಮೂವರು ಬಂದರು. ಪಂಪಿನ ಶೆಡ್ಡಿನ ಎದುರು ಕಫೀಲ ರತ್ನಗಂಬಳಿ ಹಾಸಿದ, ಕಾಫಿ ಹೊಯ್ಸಿದ, ಖರ್ಜೂರ ಇಡಿಸಿದ. ಮೂಲೆಯಿಂದ ಕಿತ್ತ ಮೊದಲ ಮೂಲಂಗಿಗಳನ್ನು ತಟ್ಟೆಯಲ್ಲಿ ಜೋಡಿಸಿ ನಡುವೆ ಇಟ್ಟ. ಟೊಮೆಟೊ ಇನ್ನೂ ಹಸಿರಾಗಿತ್ತು. ಒಂದು ಬದಿಯಲ್ಲಿ ಫರ್ಹಾನ್ ಮತ್ತು ಅವನ ಕುಲದ ಐದಾರು ಮಂದಿ ಕೂತರು. ಎಲ್ಲರೂ ಹೋಗಿ ಮರ ನೋಡಿ ಬಂದರು. ಹಿರಿಯ ಅಧಿಕಾರಿ ದೇಜಪ್ಪನನ್ನು ಎದುರಿಗೆ ಕರೆದ.

"ಕಡಿದವನು ನೀನಾ?"

ಇದಿನಬ್ಬ ತರ್ಜುಮೆ ಮಾಡಿದ. ದೇಜಪ್ಪ ಹೌದೆಂದ.

"ಹೊಲಕ್ಕೋಸ್ಕರವಾ?"

"ಹೌದು."

"ಎಷ್ಟು ಚಳಿಗಾಲದಿಂದ?"

ದೇಜಪ್ಪ ಕಫೀಲನ ಮುಖ ನೋಡಿದ. ಅಲ್ಲಿ ಜುಬೈಲಿನ ಯಾರ್ಡ್ ಕಾಣುತ್ತಿತ್ತು. ಫರ್ಹಾನನ ಮುಖ ನೋಡಿದ. ಅವನು ಬಂದದ್ದೂ ಕತ್ತಿ ಸಿಕ್ಕಿಸಿಕೊಂಡೇ. ನಾಚಿಕೆಯಿಲ್ಲದ ಮುದುಕ. ಅವನಿಗಾಗಿ ಒಂದು ಮಾತು ಆಡಲೂ ದೇಜಪ್ಪನಿಗೆ ಮನಸ್ಸಿರಲಿಲ್ಲ. ಮೂರು ಎಂದರೆ ಮುಗಿಯುತ್ತಿತ್ತು. ಆದರೆ ಆ ಮೂರು ಅವನ ಬಾಯಿಗೆ ಬರಲಿಲ್ಲ. ಮೂರು ಚಳಿಗಾಲ ಬಿಡದೆ ಅದೇ ಮರಗಳನ್ನು ಕಡಿದೆ ಎಂದರೆ ತಾನು ಎಂಥ ಬೇಸಾಯಗಾರ? ಅಂಥವನ ಕೈಗೆ ಯಾರು ಕುಮ್ಕಿ ಕೊಡುತ್ತಾರೆ? ಕುಮ್ಕಿಯನ್ನು ಉಳಬಾರದು. ಅದು ಮೊದಲ ಪಾಠ. ಉತ್ತ ಮೇಲೆ ಅದು ಕುಮ್ಕಿಯಲ್ಲ, ಹೊಲ. ಆಮೇಲೆ ಸೊಪ್ಪಿಗೆ ಎಲ್ಲಿ ಹೋಗುವುದು?

"ಮೂರು ಅಂತ ಹೇಳಿಬಿಡಲಾ?" ಇದಿನಬ್ಬ ತುಟಿ ಅಲುಗಿಸದೆ ಕೇಳಿದ. "ನೀವು ಬಾಯಿ ಮುಚ್ಚಿ ನಿಂತರೆ ಸಾಕು."

"ನನ್ನ ಬಾಯಿ ಬಿದ್ದಿಲ್ಲ," ಎಂದ ದೇಜಪ್ಪ. ಅಧಿಕಾರಿಯ ಕಡೆ ತಿರುಗಿ ತನ್ನ ಅರಬ್ಬಿಯಲ್ಲೇ ಹೇಳಿದ. "ಈ ಚಳಿಗಾಲ. ಮೊದಲು ಇಲ್ಲ. ನಾನು ಇಲ್ಲ, ಯಾರೂ ಇಲ್ಲ. ಕಾಡು ಹೊಲದ್ದಲ್ಲ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಫರ್ಹಾನನ ಸೊಂಟಕ್ಕೆ ಕೈ ತೋರಿಸಿದ. "ಅದು ನನ್ನ ಕತ್ತಿ. ಇವನು ಕಿತ್ತುಕೊಂಡ."

ಹಿರಿಯ ಅಧಿಕಾರಿ ಕತ್ತಿಯನ್ನು ಕೇಳಿ ಪಡೆದು ತಿರುಗಿಸಿ ನೋಡಿದ. ಫರ್ಹಾನನ ಜನರಲ್ಲಿ ಒಬ್ಬ ನಕ್ಕ. ಹಿಮಾದೊಳಗೆ ಸಿಕ್ಕವನ ಕತ್ತಿ ಕಿತ್ತುಕೊಂಡಾಗಿದೆ ಎಂದರೆ ಕಾಯುವವರಿದ್ದಾರೆ ಎಂದಾಯಿತು. ಕಾಯುವವರಿರುವ ನೆಲವನ್ನು ಪಾಳು ಎನ್ನುವುದು ಹೇಗೆ? ಅಧಿಕಾರಿಗಳು ಮೂಲಂಗಿ ಮುಟ್ಟದೆ ಎದ್ದರು. ಅರ್ಜಿ ಅಲ್ಲಿಗೆ ನಿಂತಿತು. ಕತ್ತಿ ಮತ್ತೆ ಫರ್ಹಾನನ ಸೊಂಟ ಸೇರಿತು.

ಅಬೂ ಸಾಲಿಹ್ ಕೂಗಾಡಲಿಲ್ಲ. ಕೂಗಾಡಿದ್ದರೆ ದೇಜಪ್ಪನೂ ಕೂಗಾಡಿ ಹಗುರಾಗುತ್ತಿದ್ದ. ಕಫೀಲ ರತ್ನಗಂಬಳಿ ಸುತ್ತಿಸಿ ಗಾಡಿಗೆ ಹಾಕಿಸಿದ, ಇದಿನಬ್ಬನಿಗೆ ಎರಡು ಮಾತು ಹೇಳಿದ, ಹೋದ.

"ಯಾವಾಗಂತೆ?" ದೇಜಪ್ಪ ಕೇಳಿದ.

"ಶುಕ್ರವಾರ ಕಳೆದು. ಜುಬೈಲಿಗೆ ನಾನೇ ಬಿಡಬೇಕಂತೆ."

ಹೊರಡುವ ಬೆಳಗ್ಗೆ ದೇಜಪ್ಪ ಮೂಲೆಗೆ ಹೋಗಲಿಲ್ಲ. ಪಿಕಪ್ಪಿನಿಂದಲೇ ಕಂಡಿತು. ಮುಳ್ಳಿನ ಬೇಲಿಯ ಒಂದು ಬದಿಯನ್ನು ಯಾರೋ ಚಳಿ ಕಾಯಿಸಲು ಎಳೆದುಕೊಂಡು ಹೋಗಿದ್ದರು. ಫರ್ಹಾನನ ಆಡುಗಳು ಒಳಗೆ ನಿಂತು, ಕೆಂಪಾಗತೊಡಗಿದ್ದ ಟೊಮೆಟೊಗಳನ್ನು ಗಿಡ ಸಮೇತ ತಿನ್ನುತ್ತಿದ್ದವು. ಮುದುಕ ದಾರಿಯ ಬದಿಯಲ್ಲಿ ಡಾಟ್ಸನ್ನಿಗೆ ಒರಗಿ ನಿಂತಿದ್ದ. ಇದಿನಬ್ಬ ಗಾಡಿ ನಿಲ್ಲಿಸಿದ.

"ಈಗ ಕೇಳಿ ನೋಡಿ. ಕಾಡು ಉಳಿಸಿಕೊಟ್ಟಿದ್ದೀರಿ."

ದೇಜಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕತ್ತಿ?"

ಫರ್ಹಾನ್ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ಅಷ್ಟು ಗೌರವ ದೇಜಪ್ಪನಿಗೆ ಸೌದಿಯಲ್ಲಿ ಯಾರೂ ಕೊಟ್ಟಿರಲಿಲ್ಲ. ಆಮೇಲೆ "ಲಾ," ಎಂದ.

ಗಾಡಿ ಡಾಂಬರು ರಸ್ತೆ ಹತ್ತಿತು. ಜಾಲಿಯ ಕಾಡು ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಯಿತು. ಇದಿನಬ್ಬ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಅಲ್ಲ ದೇಜಪ್ಪಣ್ಣ, ಈ ಸಲ ಊರಿಗೆ ಹೋದಾಗ ನೋಣಯನ ಕತ್ತಿ ಕೊಟ್ಟುಬಿಡಬಹುದಲ್ಲ?"

"ಯಾಕೆ ಕೊಡಬೇಕು?" ಎಂದ ದೇಜಪ್ಪ. "ಆ ಮುದುಕ ಕೊಟ್ಟನಾ?"